ಬುದ್ಧಿ ಬರಲು ತಡವಾದವರು

ದವಾಖಾನೆಯಲ್ಲಿ ನಗು ಬರುವಂಥದ್ದು ಏನಿರುತ್ತದೆ ಎಂದು ಕೇಳುವವರು ಆಪರೇಶನ್ ಆದ ರೋಗಿಯ ಪಕ್ಕದಲ್ಲಿ ಅರ್ಧ ದಿನ ಕೂತು ನೋಡಬೇಕು. ಎಪ್ಪತ್ತರ ದಶಕದಲ್ಲಿ ನನಗೆ ಅದೇ ಕೆಲಸ. ಬೈಲಹೊಂಗಲದ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ನರ್ಸು, ಮಂದಿಯ ಮಾತಿನಲ್ಲಿ ‘ಬಾಯಾರು’. ಹತ್ತು ಹಾಸಿಗೆ, ಒಬ್ಬರೇ ಡಾಕ್ಟರು, ಒಬ್ಬ ಕಂಪೌಂಡರ್. ಆಪರೇಶನ್ನಿಗೆ ಮೊದಲು ರೋಗಿಯ ತೂಕ ನೋಡಿ ಚೀಟಿಯಲ್ಲಿ ಬರೆಯುವವಳು ನಾನು. ಆ ಚೀಟಿ ನೋಡಿ ಡಾಕ್ಟರು ತೂಕಕ್ಕೆ ತಕ್ಕಷ್ಟು ನಿದ್ದೆಯ ಇಂಜೆಕ್ಷನ್ ಕೊಡುತ್ತಿದ್ದರು, ಆಮೇಲೆ ಮೂಗಿನ ಮೇಲೆ ಈಥರ್. ಎಲ್ಲ ಮುಗಿದ ಮೇಲೆ ಕೆನ್ನೆ ತಟ್ಟಿ ಎಬ್ಬಿಸುವವಳೂ ನಾನೇ. ನಿಮ್ಮ ಹೆಸರೇನು, ಊರು ಯಾವುದು, ಇವತ್ತು ಯಾವ ವಾರ ಎಂದು ಕೇಳಬೇಕು. ಸರಿಯಾಗಿ ಹೇಳಿದರೆ ಬುದ್ಧಿ ಬಂತೆಂದು ಬರೆಯಬೇಕು; ಹಳ್ಳಿಯವರು ಅದನ್ನೇ ಖಬರ ಬಂತು ಅನ್ನುತ್ತಿದ್ದರು.

ಕಣ್ಣು ಬಿಡುವುದು ಬೇರೆ, ಬುದ್ಧಿ ಬರುವುದು ಬೇರೆ. ನಡುತೂಕದವರು ಸಂಜೆಯೊಳಗೆ ಚಹಾ ಕೇಳುತ್ತಿದ್ದರು. ನನ್ನ ಜೀವ ತಿಂದವರು ಎರಡೇ ಬಗೆಯವರು: ಬಹಳ ದಪ್ಪಗಿದ್ದವರು, ಬಹಳ ಸೊರಗಿದವರು. ದಪ್ಪಗಿದ್ದವರ ಕೊಬ್ಬಿನಲ್ಲಿ ಔಷಧಿ ಅಡಗಿ ಕೂರುತ್ತದೆ, ಸೊರಗಿದವರಿಗೆ ಅದನ್ನು ತಾಳುವ ಶಕ್ತಿ ಇರುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು. ಕೆಲವರಿಗೆ ಬುದ್ಧಿ ಬರಲೇ ಇಲ್ಲ. ಅವರ ಮಾತು ಇಲ್ಲಿ ಬೇಡ.

ಹೊದಿಕೆಯ ಕೆಳಗಿನ ವ್ಯಾಪಾರ

ರಾಮದುರ್ಗದ ಕಡೆಯ ಒಬ್ಬ ಎತ್ತಿನ ದಲಾಲರಿಗೆ ಹರ್ನಿಯಾ ಆಗಿತ್ತು. ನಮ್ಮ ತೂಕದ ಯಂತ್ರ ನೂರು ಕಿಲೋಗೇ ಕೈ ಮುಗಿಯುತ್ತಿತ್ತು. ಹಾಗಾಗಿ ಅವರನ್ನು ಕಾಳಿನ ಪೇಟೆಗೆ ಕರೆದುಕೊಂಡು ಹೋಗಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದೆವು. ತೂಗುವವನು ನೂರಾ ಹನ್ನೆರಡು ಎಂದು ಕೂಗಿ, ಕೈರೂಢಿಯಿಂದ ಚೀಲದ್ದು ಅಂತ ಒಂದು ಕಿಲೋ ಕಳೆದ.

ಆಪರೇಶನ್ ಚೆನ್ನಾಗಿಯೇ ಆಯಿತು. ಕಣ್ಣನ್ನೂ ಬಿಟ್ಟರು. ಆದರೆ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಎದುರು ನಿಂತ ಹೆಂಡತಿಯನ್ನೇ ಇವರು ಯಾರು ಎಂದು ನನ್ನನ್ನು ಕೇಳಿದರು. ಬೆರಳು ಮಾತ್ರ ಕಸಬು ಮರೆತಿರಲಿಲ್ಲ. ದನದ ಸಂತೆಯಲ್ಲಿ ಟವಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಹಾಗೆ ಹೊದಿಕೆಯ ಕೆಳಗೆ ಯಾರ ಕೈ ಸಿಕ್ಕರೂ ಹಿಡಿದು ಒತ್ತುತ್ತಿದ್ದರು. ನಾಡಿ ನೋಡಲು ಹೋದ ಡಾಕ್ಟರಿಗೆ, ತಲೆಯಾಡಿಸಿ ವ್ಯಾಪಾರಕ್ಕೆ ಒಪ್ಪಿದ ಮೇಲೆಯೇ ಬಿಡುಗಡೆ.

ಎರಡು ದಿನ ಹೋಯಿತು, ಮೂರು ಹೋಯಿತು. ಇವರು ಹೀಗೇ ಉಳಿದುಬಿಟ್ಟರೆ ಏನು ಗತಿ ಎಂದು ನನಗೆ ಒಳಗೊಳಗೇ ಭಯ. ಹೆಂಡತಿ ಮಾತ್ರ ಮಂಚದ ಪಕ್ಕ ಕೂತು ಕೈ ಕೊಟ್ಟುಕೊಂಡೇ ಇದ್ದರು. ನಾನು ಮತ್ತೊಮ್ಮೆ ಕೆನ್ನೆ ತಟ್ಟಲು ಹೋದಾಗ ತಡೆದರು.

"ಬಾಯಾರ, ಮದವ್ಯಾಗ ಒಮ್ಮೆ ಕೈ ಹಿಡದಿದ್ರು, ಆಮ್ಯಾಲೆ ಈಗ ಹಿಡದಾರ. ಖಬರ ಬಂದ್ರ ಬಿಡತಾರ. ಇನ್ನೊಂದೀಟ ಹೊತ್ತ ಹಂಗ ಇರ್ಲಿ ಬಿಡ್ರಿ."

ಐದನೆಯ ದಿನ ಬುದ್ಧಿ ಬಂತು. ತಮ್ಮ ಕೈಯಲ್ಲಿದ್ದ ಕೈ ಯಾರದೆಂದು ನೋಡಿದರು, ಬಿಟ್ಟರು, ತಂಬಾಕು ಕೇಳಿದರು.

ಗೆದ್ದ ಪೈಲವಾನ

ಸವದತ್ತಿಯ ಕಡೆಯ ಒಬ್ಬ ಪೈಲವಾನ. ಕುಸ್ತಿ ಬಿಟ್ಟು ಹತ್ತು ವರ್ಷವಾಗಿತ್ತು, ಪೈಲವಾನನ ಊಟ ಬಿಟ್ಟಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು, ಮಂಡಿಯ ಕೆಳಗೆ ತೆಗೆಯಲೇಬೇಕಾಯಿತು. ಇಂಜೆಕ್ಷನ್ ಚುಚ್ಚುವಾಗ ನೂರರವರೆಗೆ ಎಣಿಸಿ ತೋರಿಸುತ್ತೇನೆ ಎಂದು ಪಂಥ ಕಟ್ಟಿದ. ಏಳಕ್ಕೆ ಮಲಗಿದ.

ಮರುದಿನ ಕಂಪೌಂಡರ್ ಹೊದಿಕೆ ಸರಿಮಾಡಲು ಬಾಗಿದ್ದೇ ತಡ, ಕುತ್ತಿಗೆಗೆ ಕೈ ಹಾಕಿ ಎದೆಗೆ ಅವಚಿಕೊಂಡ. ನಮ್ಮ ಕಂಪೌಂಡರ್ ನಲವತ್ತೈದು ಕಿಲೋದ ಆಳು. ಮೂವರು ಸೇರಿ ಎಳೆದರೂ ಹಿಡಿತ ಸಡಿಲಾಗಲಿಲ್ಲ. ಕೊನೆಗೆ ಪೈಲವಾನನ ತಮ್ಮ ಕಿವಿಯ ಹತ್ತಿರ ಬಾಯಿಟ್ಟು, ನೀನೇ ಗೆದ್ದಿ, ಕುಸ್ತಿ ಮುಗಿಯಿತು ಎಂದು ಹೇಳಿದ. ಆಗ ಬಿಟ್ಟ. ಮುಂದಿನ ಎರಡು ದಿನ ಗೆದ್ದ ಖುಷಿಯಲ್ಲೇ ಮಲಗಿದ್ದ, ಬಂದವರಿಗೆಲ್ಲ ಮೀಸೆ ತಿರುವಿ ತೋರಿಸುತ್ತಿದ್ದ.

ಮೂರನೆಯ ದಿನ ಹೆಸರು, ಊರು, ವಾರ ಮೂರೂ ಸರಿಯಾಗಿ ಹೇಳಿದ. ಅವತ್ತು ಮಾತ್ರ ಉತ್ತರ ತಪ್ಪಲಿ ಎಂದು ನನಗೆ ಅನ್ನಿಸಿತ್ತು. ಹೊದಿಕೆ ಎತ್ತಿ ಬಹಳ ಹೊತ್ತು ನೋಡಿಕೊಂಡ. ಆಮೇಲೆ ಕಂಪೌಂಡರನ್ನು ಹತ್ತಿರ ಕರೆದ.

"ಗೆದ್ದಾಂವ ನಾನು ಅಂದ್ರಿ. ಮತ್ತ ಕಾಲು ನಂದ ಯಾಕ ಹೋತ್ರಿ?"

ಕಂಪೌಂಡರ್ ಕುತ್ತಿಗೆ ಉಜ್ಜಿಕೊಳ್ಳುತ್ತಾ ಹೊರಗೆ ಹೋದ.

ತುಂಬಿದ ಉಡಿ

ಇದು ನನ್ನದೇ ತಪ್ಪಿನ ಕಥೆ, ಅದಕ್ಕೇ ಕೊನೆಗಿಟ್ಟಿದ್ದೇನೆ.

ನೇಸರಗಿಯ ಹತ್ತಿರದ ಹಳ್ಳಿಯಿಂದ ಒಬ್ಬ ಅತ್ತೆ ತನ್ನ ಸೊಸೆಯನ್ನು ಕರೆತಂದಳು. ಹೊಟ್ಟೆಯಲ್ಲಿ ಗಡ್ಡೆ. ಹುಡುಗಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿದ್ದವು. ತೂಕದ ಯಂತ್ರ ಹೊರಗಿನ ಪಡಸಾಲೆಯಲ್ಲಿತ್ತು. ನಾನು ತೂಕವನ್ನು ಗಟ್ಟಿಯಾಗಿ ಓದಿ ಬರೆಯುವುದು, ಬೆಂಚಿನ ಮೇಲೆ ಕೂತವರು ಒಬ್ಬೊಬ್ಬರ ತೂಕಕ್ಕೂ ಒಂದೊಂದು ಮಾತು ಸೇರಿಸುವುದು, ಇದು ದಿನದ ರೂಢಿ. ಅತ್ತೆ ಸ್ವಲ್ಪ ಹೊತ್ತು ಇದನ್ನು ನೋಡಿದಳು. ಸೊಸೆಯನ್ನು ಒಳಗೆ ಕರೆದುಕೊಂಡು ಹೋಗಿ ಉಡಿ ತುಂಬಿ ಕರೆತಂದಳು.

ಆಪರೇಶನ್ನಿಗೆ ಹೋಗುವ ಮುತ್ತೈದೆಗೆ ಉಡಿ ತುಂಬುವುದು ನಮ್ಮಲ್ಲಿ ಹೊಸದಲ್ಲ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಕಟ್ಟುತ್ತಾರೆ. ತುಂಬಿದ ಉಡಿಯನ್ನು ಬಿಚ್ಚು ಎಂದು ಯಾವ ಹೆಂಗಸು ಬಾಯಿಬಿಟ್ಟು ಹೇಳುತ್ತಾಳೆ? ಹಾಗೆಯೇ ನಿಲ್ಲಿಸಿ ತೂಗಿದೆ. ಉಡಿಗೆಂದು ಅಂದಾಜಿನಲ್ಲಿ ಒಂದು ಕಿಲೋ ಕಳೆದು ನಲವತ್ತು ಎಂದು ಓದಿದೆ. ಬೆಂಚಿನವರು ಮುಂದಿನ ರೋಗಿಯ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ಆಪರೇಶನ್ ಆಯಿತು. ಮಧ್ಯಾಹ್ನ ಆಯಿತು, ಹುಡುಗಿ ಕಣ್ಣು ಬಿಡಲಿಲ್ಲ. ಸಂಜೆಯಾದರೂ ಬಿಡಲಿಲ್ಲ. ಉಸಿರು ಅಷ್ಟಿಷ್ಟು ಆಡುತ್ತಿತ್ತು. ಮಂಚದ ಕೆಳಗೆ ಬಿಚ್ಚಿಟ್ಟಿದ್ದ ಉಡಿಯ ಗಂಟನ್ನು ಸರಿಸಲು ಹೋದೆ, ಒಂದು ಕೈಯಲ್ಲಿ ಏಳಲಿಲ್ಲ. ಬಿಚ್ಚಿದರೆ ಅಕ್ಕಿಯ ಕೆಳಗೆ ಬೆಲ್ಲದ ಪೆಂಟೆ, ಅದರ ಕೆಳಗೆ ದವಾಖಾನೆಯ ಅಂಗಳದಲ್ಲಿ ಅಡುಗೆ ಮಾಡಿಕೊಳ್ಳಲು ತಂದಿದ್ದ ಖಾರ ಅರೆಯುವ ಗುಂಡಕಲ್ಲು. ಯಂತ್ರದ ಮೇಲಿಟ್ಟೆ, ಒಂಬತ್ತು ಕಿಲೋ. ಹುಡುಗಿಯದು ಮೂವತ್ತೆರಡು ಕಿಲೋ ಜೀವ. ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಚೀಟಿಯಲ್ಲಿ ನಾನು ಬರೆದದ್ದನ್ನು ಹೊಡೆದು, ಸರಿಯಾದ ತೂಕ ಬರೆದು, ಹುಡುಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯಾಕಮ್ಮಾ ಹೀಗೆ ಮಾಡಿದೆ ಎಂದು ಅತ್ತೆಯನ್ನು ಕೇಳಿದೆ. ನೀವು ಮಂದಿಯ ಮುಂದೆ ಒದರುತ್ತಿದ್ದಿರಿ, ಮೂವತ್ತೆರಡು ಎಂದು ಒದರಿದ್ದರೆ ನಮ್ಮ ಮನೆಯಲ್ಲಿ ಸೊಸೆಗೆ ಕೂಳು ಹಾಕುವುದಿಲ್ಲ ಎಂದು ಊರೆಲ್ಲ ಆಗುತ್ತಿತ್ತು ಎಂದಳು. ಹಾಕುತ್ತೀಯೇನು ಎಂದು ಕೇಳಿದೆ. ಎಲ್ಲರದೂ ಆದ ಮೇಲೆ ಉಳಿದದ್ದು ಇದ್ದೇ ಇರುತ್ತದೆ, ಆಕೆಗೇ ಹಸಿವು ಕಡಿಮೆ ಎಂದಳು. ನನಗೆ ಸಿಟ್ಟು ಬಂತು. ಆದರೆ ಒದರಿದವಳೂ ಬರೆದವಳೂ ನಾನು. ಸಿಟ್ಟನ್ನು ನುಂಗಿಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಹುಡುಗಿ ಕಣ್ಣು ಬಿಟ್ಟಳು. ಡಾಕ್ಟರು, ಕಂಪೌಂಡರ್, ಬೆಂಚಿನ ಮಂದಿ ಎಲ್ಲ ಬಾಗಿಲಿಗೆ ಬಂದು ನಿಂತರು. ಹೆಸರು ಕೇಳಿದೆ, ಹೇಳಿದಳು. ಊರು ಕೇಳಿದೆ, ಹೇಳಿದಳು. ವಾರ ಯಾವುದೆಂದು ಕೇಳಿದೆ. ನನ್ನ ಮುಖವನ್ನೇ ನೋಡುತ್ತಾ ಅಂದಳು:

"ಹಸಿವ್ಯಾಗೇತ್ರಿ. ರೊಟ್ಟಿ ಕೊಡ್ರಿ. ಇಡೀದ ಒಂದ. ಮುರದದ್ದ ಬ್ಯಾಡ."

ಎರಡು ದಿನದಲ್ಲಿ ಮೊದಲ ಸಲ ಡಾಕ್ಟರು ನಕ್ಕರು. ನನಗೆ ಅಳು ಬಂತು. ಬುದ್ಧಿ ಬಂತೆಂದು ಬರೆಯಲು ಪೆನ್ನು ಎತ್ತಿಕೊಂಡೆ. ಅತ್ತೆ ಬಂದು ನನ್ನ ಕೈ ಹಿಡಿದಳು. ಅವಳ ಕಣ್ಣಲ್ಲೂ ನೀರಿತ್ತು.

"ಬರೀಬ್ಯಾಡ್ರಿ ಬಾಯಾರ, ಇನ್ನೂ ಖಬರ ಬಂದಿಲ್ಲ. ಖಬರ ಇದ್ದಾಗ ಆಕಿ ಒಂದ ದಿನಾನೂ ಉಣ್ಣಾಕ ಕೇಳಿದಾಕಿ ಅಲ್ಲ."