ಪೈಲಟಮ್ಮನ ರಿವರ್ಸ್ ಗೇರ್

ವಿಮಾನವನ್ನು ನಾನು ಇದುವರೆಗೆ ಹತ್ತಿರದಿಂದ ನೋಡಿದವಳಲ್ಲ. ಗುಬ್ಬಿ ತಾಲ್ಲೂಕಿನ ಕಡಬದ ನಮ್ಮ ತೆಂಗಿನ ತೋಟದ ಮೇಲೆ ಅದು ಗುಂಯ್ ಎಂದು ಹೋಗುವಾಗ ಕತ್ತೆತ್ತಿ ನೋಡುವುದು, ಕತ್ತು ನೋಯಲು ಶುರುವಾದರೆ ಒಳಗೆ ಬಂದು ಸಾರಿಗೆ ಒಗ್ಗರಣೆ ಹಾಕುವುದು, ಆಕಾಶಕ್ಕೂ ನನಗೂ ಇದ್ದ ಸಂಬಂಧ ಇಷ್ಟೇ. ಆದರೂ ನಾನು ಪೈಲಟ್. ನಗಬೇಡಿ, ಫೋಟೊ ಇರುವ ಕಾರ್ಡು ಕೊಟ್ಟಿದ್ದಾರೆ. ಫೋಟೊದಲ್ಲಿ ನಾನು ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೇನೆ, ಅದು ಬೇರೆ ವಿಷಯ. ಕಾರ್ಡು ಬಂದ ದಿನ ಗೂಳೂರಿನ ನಮ್ಮ ಚಿಕ್ಕಮ್ಮ ಫೋನ್ ಮಾಡಿ, "ಯಾವ ರೂಟ್ ಕೊಟ್ಟವ್ರೆ ಕಣೇ ನಿಂಗೆ?" ಎಂದು ಕೇಳಿದಳು. "ರೂಟೂ ಇಲ್ಲ, ಏನೂ ಇಲ್ಲ ಚಿಕ್ಕಮ್ಮ. ಇದು ಡ್ರೋನು. ಹೊಲಕ್ಕೆ ಔಷಧಿ ಹೊಡಿಯೋದು. ನಾವು ಕೆಳಗೇ ನಿಂತಿರ್ತೀವಿ" ಎಂದೆ. "ಕೆಳಗೆ ನಿಂತ್ಕಳಕ್ಕೆ ಪೈಲಟ್ ಯಾಕೆ? ಅಯ್ಯೋ ಬುಡು, ನಾನು ಆಗ್ಲೇ ಬೀದಿಗೆಲ್ಲಾ ಹೇಳ್ಬುಟ್ಟಿವ್ನಿ, ಏನಾರಾ ಒಂದು ಓಡ್ಸು" ಎಂದು ಫೋನಿಟ್ಟಳು.

ನಮ್ಮ ಮಹಿಳಾ ಸಂಘಕ್ಕೆ ಡ್ರೋನು ಮಂಜೂರಾದಾಗ, ಓಡಿಸಲು ಎಸ್ಸೆಸ್ಸೆಲ್ಸಿ ಪಾಸಾದ ಒಬ್ಬಳು ಬೇಕು ಎಂದರು. ನನಗೇನೂ ಅಂಥ ಆಸೆ ಇರಲಿಲ್ಲ. ಮನೆಗೆ ಬಂದು ಸುಮ್ಮನೆ ಮಾತಿಗೆ ಹೇಳಿದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಿಂಗೆ ಸ್ಕೂಟಿಗೆ ಡಬಲ್ ಸ್ಟ್ಯಾಂಡ್ ಹಾಕಕ್ಕೇ ಬರಲ್ಲ" ಎಂದರು. ಮಾತು ನಿಜ. ನಿಜವಾದ್ದರಿಂದಲೇ ಮೈ ಉರಿಯಿತು. ಮಾರನೆಯ ದಿನವೇ ಹೋಗಿ ಹೆಸರು ಕೊಟ್ಟು ಬಂದೆ. ಹಠಕ್ಕೆ ಬಿದ್ದು ಏನೇನೋ ಆದವರಿದ್ದಾರೆ, ನಾನು ಪೈಲಟ್ ಆದೆ.

ತರಬೇತಿ ನಡೆದದ್ದು ತುಮಕೂರಿನಲ್ಲಿ, ಸತ್ಯಮಂಗಲದ ಫ್ಯಾಕ್ಟರಿ ಶೆಡ್ಡುಗಳ ಹಿಂದಿನ ಬಯಲಿನಲ್ಲಿ. ಕಲಿಸುತ್ತಿದ್ದ ಮೇಷ್ಟ್ರು ಒಳ್ಳೆಯವರು, ಆದರೆ ಬಾಯಿ ತೆರೆದರೆ ಒಂದೇ ಮಂತ್ರ: "ಡ್ರೋನಿನ ಬೆನ್ನು ಯಾವಾಗಲೂ ನಿಮ್ಮ ಕಡೆಗಿರಲಿ." ಬೆನ್ನು ನಮ್ಮ ಕಡೆಗಿದ್ದರೆ ಅದರ ಎಡ ನಮ್ಮ ಎಡ, ಅದರ ಬಲ ನಮ್ಮ ಬಲ. ಅದೇನಾದರೂ ತಿರುಗಿ ಮುಖ ನಮ್ಮ ಕಡೆ ಮಾಡಿತೋ, ಎಲ್ಲ ಉಲ್ಟಾ. ರಿಮೋಟಿನ ಕಡ್ಡಿಯನ್ನು ಎಡಕ್ಕೆ ಒತ್ತಿದರೆ ಬಲಕ್ಕೆ ಹೋಗುತ್ತದೆ, ಹಿಂದಕ್ಕೆ ಎಳೆದರೆ ದೂರಕ್ಕೆ ಓಡುತ್ತದೆ. ಆ ಪಾಠದಲ್ಲಿ ನಾನು ಓಡಿಸಿದ ಡ್ರೋನು ನೇರವಾಗಿ ಹೋಗಿ ಮೇಷ್ಟ್ರ ಊಟದ ಕ್ಯಾರಿಯರಿನ ಪಕ್ಕ ಕೂತಿತು. "ಅನುಭವ ಬೇಕು ಮೇಡಂ, ಓಡಿಸ್ತಾ ಓಡಿಸ್ತಾ ಬರುತ್ತೆ" ಎಂದು ಅವರು ಕ್ಯಾರಿಯರನ್ನು ಎತ್ತಿಕೊಂಡು ದೂರ ಹೋದರು.

ಈ ಅನುಭವ ಎಂಬುದೇ ದೊಡ್ಡ ತಲೆನೋವು. ಡ್ರೋನು ನಮ್ಮ ಹಜಾರಕ್ಕೆ ಬಂದು ಕೂತಿತು, ನಾನು ಮನೆ ಮನೆ ತಿರುಗಿ "ನಿಮ್ಮ ಹೊಲಕ್ಕೆ ಔಷಧಿ ಹೊಡೀತೀನಿ" ಎಂದೆ. ಎಲ್ಲರದೂ ಒಂದೇ ಪ್ರಶ್ನೆ: "ಅನುಭವ ಐತಾ?" ಇಲ್ಲ ಎಂದರೆ ಹೊಲ ಕೊಡುವುದಿಲ್ಲ. ಹೊಲ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು, ಕಡಬದ ಕೆರೆಯಿಂದಲೇ? ಹಲ್ಲು ಕೀಳುವ ಡಾಕ್ಟರಿಗೂ ಮೊದಲನೆಯ ಹಲ್ಲು ಅಂತ ಒಂದು ಇದ್ದೇ ಇರುತ್ತದಲ್ಲ. ಅದು ತಮ್ಮ ಬಾಯಿಯದಾಗಬಾರದು ಎಂಬುದಷ್ಟೇ ಜನರ ಆಸೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಡ್ರೋನು ಮಾತ್ರ ಹಜಾರದಲ್ಲಿ ಕೂತೇ ಇತ್ತು, ಯಜಮಾನರು ಅದರ ರೆಕ್ಕೆಗೆ ಟವೆಲ್ ಒಣಹಾಕತೊಡಗಿದರು.

ಆಗ ತುಮಕೂರಿನಿಂದ, ಸಂಘಕ್ಕೆ ಡ್ರೋನು ಮಂಜೂರು ಮಾಡಿದ್ದ ಆಫೀಸರ ಫೋನು ಬಂತು. "ಏನಮ್ಮ, ಮೆಷಿನ್ ಸುಮ್ನೆ ಇಟ್ಕೊಂಡಿದೀರಂತೆ? ಕುಣಿಗಲ್ ಕಡೆ ಸಂಘದವರು ನಮಗೆ ಕೊಡಿ ಅಂತ ದಿನಾ ಕೇಳ್ತಿದಾರೆ. ಬುಧವಾರ ಬರ್ತೀನಿ. ಒಂದು ಹೊಲಕ್ಕೆ ಸರಿಯಾಗಿ ಹೊಡೆದು ತೋರಿಸಿ. ಆಗ್ಲಿಲ್ಲ ಅಂದ್ರೆ ಅವತ್ತೇ ಗಾಡೀಲಿ ಹಾಕ್ಕೊಂಡು ಹೋಗ್ತೀನಿ." ನನಗೆ ಅಳುವೇ ಬಂದುಬಿಟ್ಟಿತು. ಟವೆಲ್ ಒಣಹಾಕುವ ಗಂಡನ ಎದುರಿಗೆ, ಬೀದಿಗೆಲ್ಲ ಹೇಳಿರುವ ಚಿಕ್ಕಮ್ಮನ ಎದುರಿಗೆ, ಆ ಡ್ರೋನು ಮನೆ ಬಿಟ್ಟು ಹೋದರೆ ನಾನು ಯಾವ ಮುಖ ಇಟ್ಟುಕೊಂಡು ತಿರುಗಲಿ? ಸಿದ್ದಲಿಂಗಣ್ಣ ಎಂಬ ಟ್ರ್ಯಾಕ್ಟರ್ ಮಾಲೀಕರ ಕೈಕಾಲು ಹಿಡಿದು, ಕೆರೆಯ ಕೆಳಗಿನ ಅವರ ರಾಗಿ ಹೊಲವನ್ನು ಒಪ್ಪಿಸಿದೆ. "ರಾಗಿ ಹಾಳಾದ್ರೆ ನಿಮ್ಮ ಮನೆಗೇ ಊಟಕ್ಕೆ ಬರ್ತೀನಿ ಕಣಮ್ಮ" ಎಂದು ಅವರು ಷರತ್ತು ಹಾಕಿದರು.

ಬುಧವಾರ ಬೆಳಗ್ಗೆ ಇನ್ನೊಂದು ಸಮಸ್ಯೆ. ನಮ್ಮತ್ತೆ ಆರತಿ ತಟ್ಟೆ ಹಿಡಿದು ಡ್ರೋನಿನ ಮುಂದೆ ನಿಂತಿದ್ದರು. "ಅತ್ತೆ, ಅದನ್ನ ಮುಟ್ಬೇಡಿ. ಮೇಷ್ಟ್ರು ಕೈ ಹಾಕ್ಬಾರ್ದು ಅಂದವ್ರೆ" ಎಂದೆ. "ಪೂಜೆ ಮಾಡ್ದೆ ಗಾಡಿ ಹೊರಗೆ ತೆಗೀತಾರೇನೇ? ಈ ಮನೇಲಿ ಮಿಕ್ಸಿನೂ ಪೂಜೆ ಮಾಡ್ದೆ ತಿರುಗ್ಸಿಲ್ಲ" ಎಂದರು. ಕೊನೆಗೆ ರಾಜಿಯಾಯಿತು. ಹೂವಿನ ಹಾರ ಬೇಡ, ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುಂಬಳಕಾಯಿ ಬೇಡ. ಕಾಲಿನ ಕೆಳಗೆ ನಿಂಬೆಹಣ್ಣು ಇಡಬಹುದು, ಅಷ್ಟೇ. ಅತ್ತೆ "ಆಯ್ತು ಬುಡು" ಎಂದರು. ನಮ್ಮತ್ತೆ ಇಷ್ಟು ಬೇಗ "ಆಯ್ತು" ಎಂದಾಗ ನಾನು ಎಚ್ಚರವಾಗಬೇಕಿತ್ತು. ಆದರೆ ಸಂಘದವರು ಕೊಟ್ಟ ನೀಲಿ ಕೋಟು ತೊಡುವ ಗಡಿಬಿಡಿಯಲ್ಲಿ ಒಳಗೆ ಹೋದೆ.

ಹೊಲದ ಬದುವಿನ ಮೇಲೆ ಅರ್ಧ ಊರು ನಿಂತಿತ್ತು. ಆಫೀಸರು ಜೀಪಿಗೆ ಒರಗಿ ಕೈಕಟ್ಟಿದ್ದರು. ನಾನು ಮೇಷ್ಟ್ರ ಮಂತ್ರವನ್ನು ಜಪಿಸುತ್ತ ಡ್ರೋನಿನ ಬೆನ್ನ ಹಿಂದೆ ನಿಂತು, ರೆಕ್ಕೆ, ಬ್ಯಾಟರಿ, ಔಷಧಿಯ ಟ್ಯಾಂಕು ನೋಡಿ ಮೇಲಕ್ಕೆ ಎಬ್ಬಿಸಿದೆ. ಎದ್ದಿತು. ಜನ ಹೋ ಎಂದರು. ಮುಂದಕ್ಕೆ ಒತ್ತಿದೆ. ಹೋಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ನಿಂತಲ್ಲೇ ನಿಂತು ಗುಂಯ್‌ಗುಟ್ಟಿತು. ರಿಮೋಟಿನ ಒಳಗಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದಳು.

"ಏನಂತಮ್ಮ ಅದು?" ಸಿದ್ದಲಿಂಗಣ್ಣ ಕೇಳಿದರು.

"ಮುಂದೆ ಏನೋ ಅಡ್ಡ ಐತಂತೆ ಅಣ್ಣ."

"ಎಲ್ಲೈತೆ? ರಾಗಿ ಬಿಟ್ರೆ ಆಕಾಶ!"

ಎದುರಿಗೆ ಏನಾದರೂ ಅಡ್ಡ ಬಂದರೆ ಡಿಕ್ಕಿ ಹೊಡೆಯದ ಹಾಗೆ ತಾನೇ ನಿಲ್ಲಲು ಅದರ ಮುಖದಲ್ಲಿ ಎರಡು ಪುಟ್ಟ ಕಣ್ಣುಗಳಿವೆ. ಆ ಕಣ್ಣಿಗೆ ಏನು ಕಂಡಿತು? ಯಾರೋ ಹಿಂದಿನಿಂದ "ಹುಣಸೇಮರದ ದೆವ್ವದ ಗಾಳಿ ಇರ್ಬೇಕು" ಎಂದರು. ಆಫೀಸರು, "ಸಾಕು ಇಳಿಸಿಬಿಡಿಯಮ್ಮ, ಕುಣಿಗಲ್‌ನವರಿಗೆ ಫೋನ್ ಮಾಡ್ತೀನಿ" ಎಂದು ಜೇಬಿಗೆ ಕೈ ಹಾಕಿದರು. ಇದಕ್ಕೇನು ರೋಗ ಎಂದು ನೋಡೋಣವೆಂದು ನಾನು ಡ್ರೋನನ್ನು ಗಾಳಿಯಲ್ಲೇ ಮೆಲ್ಲಗೆ ನನ್ನ ಕಡೆಗೆ ತಿರುಗಿಸಿದೆ.

ಎರಡೂ ಕಣ್ಣುಗಳ ಮೇಲೆ ಅಡ್ಡಕ್ಕೆ ಮೂರು ಪಟ್ಟೆ ವಿಭೂತಿ! ಗಟ್ಟಿಯಾಗಿ, ಬೆಳ್ಳಗೆ, ಮಧ್ಯದಲ್ಲಿ ಒಂದು ಕುಂಕುಮದ ಬೊಟ್ಟು ಬೇರೆ. ಜನರ ನಡುವೆ ನಮ್ಮತ್ತೆ ಕಣ್ಮುಚ್ಚಿ ಕೈಮುಗಿದು ನಿಂತಿದ್ದರು. ನನಗೆ ಕಿರುಚಬೇಕೆನಿಸಿತು, ಜೊತೆಗೆ ತಡೆಯಲಾರದ ನಗುವೂ ಬಂತು. ಇಳಿಸಿ ಒರೆಸಬಹುದಿತ್ತು, ನಿಜ. ಆದರೆ ಇಳಿಸಿದರೆ ಆಫೀಸರು ಅದನ್ನು ಜೀಪಿಗೆ ಹಾಕಿಕೊಳ್ಳುತ್ತಾರೆ. ಅಲ್ಲದೆ ಊರಿನವರೆಲ್ಲರ ಎದುರು, ಅದರಲ್ಲೂ ಅತ್ತೆಯ ಎದುರು, ವಿಭೂತಿ ಅಳಿಸಿದ ಸೊಸೆಗೆ ಆಮೇಲೆ ಹೊಲ ಹೋಗಲಿ, ಮನೆಯಲ್ಲಿ ಕಾಫಿಯೂ ಹುಟ್ಟುವುದಿಲ್ಲ.

ಮುಂದಕ್ಕೆ ಹೋಗದಿದ್ದರೇನಂತೆ, ಹಿಂದಕ್ಕೆ ಹೋಗುತ್ತದಲ್ಲ? ಮುಖ ನನ್ನ ಕಡೆಗೇ ಇರಲಿ, ಹಿಮ್ಮುಖವಾಗಿ ಹೊಲದುದ್ದಕ್ಕೂ ಕಳಿಸೋಣ. ಆದರೆ ಅದೇ ಉಲ್ಟಾ ಪಾಠ, ಅದೇ ಕ್ಯಾರಿಯರ್! ಆ ಬೊಟ್ಟಿಟ್ಟ ಮುಖವನ್ನೇ ನೋಡುತ್ತಿದ್ದಾಗ ಥಟ್ಟನೆ ಹೊಳೆಯಿತು, ಅರೆ, ಇದು ಮದುವೆಹೆಣ್ಣಿಗೆ ಸೀರೆ ಉಡಿಸುವ ಹಾಗೆಯೇ ಅಲ್ಲವೇ? ನಮ್ಮ ಕಡೆ ಎಷ್ಟು ಹುಡುಗಿಯರಿಗೆ ಎದುರಿಗೆ ನಿಂತು ಸೀರೆ ಉಡಿಸಿದ್ದೇನೆ ನಾನು! ಅವಳ ಎಡಹೆಗಲ ಸೆರಗು ನನ್ನ ಬಲಗೈ ಕಡೆಗೆ ಬರುತ್ತದೆ, ಅದಕ್ಕೆ ಯಾವತ್ತಾದರೂ ಯೋಚನೆ ಮಾಡಿದ್ದುಂಟೇ? "ಸೆರಗಿನ ಕಡೆ", "ನೆರಿಗೆ ಸಿಗಿಸೋ ಕಡೆ" ಎಂದು ಬಾಯಲ್ಲೇ ಗೊಣಗುತ್ತ ಒತ್ತತೊಡಗಿದೆ. ಡ್ರೋನು ಹಿಮ್ಮುಖವಾಗಿ, ನೆಟ್ಟಗೆ, ಸೊಗಸಾಗಿ ಔಷಧಿ ಚಿಮುಕಿಸುತ್ತ ಆಚೆ ಬದುವಿಗೆ ಹೋಯಿತು. ಅಲ್ಲಿ ತಿರುಗಿಸಿ ಮತ್ತೆ ಹಿಮ್ಮುಖವಾಗಿಯೇ ಈಚೆಗೆ ಕರೆತಂದೆ. ಹೊಲ ಮುಗಿಯುವಷ್ಟರಲ್ಲಿ ನೀಲಿ ಕೋಟು ಬೆವರಿನಿಂದ ತೊಪ್ಪೆಯಾಗಿತ್ತು.

ಸಿದ್ದಲಿಂಗಣ್ಣ ಬಾಯಿ ತೆರೆದುಕೊಂಡು ನಿಂತಿದ್ದರು. ನಮ್ಮ ಕಡೆ ಡ್ರೈವರನ್ನು ಅಳೆಯುವುದು ರಸ್ತೆಯಲ್ಲಿ ಅಲ್ಲ. ಟ್ರೈಲರ್ ಕಟ್ಟಿದ ಟ್ರ್ಯಾಕ್ಟರನ್ನು ಗಲ್ಲಿಯೊಳಗೆ ಗೋಡೆ ತಾಗಿಸದೆ ಹಿಂದಕ್ಕೆ ತಗೊಳ್ಳುವವನೇ ಡ್ರೈವರ್, ಉಳಿದವರೆಲ್ಲ ಸುಮ್ಮನೆ ಸ್ಟೀರಿಂಗ್ ಹಿಡಿದವರು. "ಮುಂದಕ್ಕೆ ಎಲ್ರೂ ಓಡಿಸ್ತಾರೆ ಕಣ್ರಯ್ಯಾ! ಇಡೀ ಹೊಲ ರಿವರ್ಸಲ್ಲಿ ಹೊಡೆದ್ಳಲ್ಲ ಈಯಮ್ಮ! ಎಷ್ಟು ವರ್ಷದ ಅನುಭವ ಇರ್ಬೇಕು!" ಎಂದು ಕೂಗಿದರು. ಆಫೀಸರು ಫೋನನ್ನು ಜೇಬಿಗೆ ಹಾಕಿಕೊಂಡು ಬಂದು, "ರಿವರ್ಸಲ್ಲಿ ಯಾಕಮ್ಮ ಹೊಡೆದ್ರಿ?" ಎಂದರು. ಸುಳ್ಳು ಹೇಳುವ ಇರಾದೆ ನನಗಿರಲಿಲ್ಲ, ಆದರೆ ನಾಲಿಗೆಗಿತ್ತು. "ಹಿಂಗೆ ಹೊಡೆದ್ರೆ ಎಲೆ ಅಡಿಗೂ ಔಷಧಿ ಬೀಳುತ್ತೆ ಸಾರ್" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಡ್ರೋನು ಉಳಿಯಿತು. ಮನೆಗೆ ಬರುವ ದಾರಿಯಲ್ಲಿ ಅತ್ತೆ, "ನೋಡ್ದಾ? ನಾನು ವಿಭೂತಿ ಹಚ್ಚಿದ್ಕೇ ಹಂಗೆ ಓಡ್ತು" ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆಮೇಲೆ ಗುಬ್ಬಿಯವರೆಗೂ ಹೊಲಗಳು ಸಿಕ್ಕವು, ಎಲ್ಲರದೂ ಒಂದೇ ಬೇಡಿಕೆ: "ರಿವರ್ಸಲ್ಲೇ ಹೊಡೀರಿ ಮೇಡಂ." ವಿಭೂತಿ ಒರೆಸಿದ ಮೇಲೂ ನಾನು ರಿವರ್ಸಿನಲ್ಲೇ ಹೊಡೆದೆ. ನನ್ನ ಕೀರ್ತಿ ಎಷ್ಟಾಯಿತೆಂದರೆ, ಡ್ರೋನು ಕುಣಿಗಲ್‌ಗೆ ಹೋಗುವುದು ತಪ್ಪಿ, ಅಲ್ಲಿನ ಹೊಸ ಪೈಲಟ್ ಹೆಂಗಸರಿಗೆ ಕಲಿಸಲು ನಾನೇ ಹೋಗಬೇಕಾಯಿತು. ಆಫೀಸರು "ಬಹಳ ಅನುಭವಿ" ಎಂದು ನನ್ನನ್ನು ಪರಿಚಯಿಸಿದರು. ನಾನು ಹಿಮ್ಮುಖದ ವಿದ್ಯೆಯನ್ನೆಲ್ಲ ತೋರಿಸಿದೆ, ಚಪ್ಪಾಳೆಯಾಯಿತು. ಆಗ ಮುಂದಿನ ಸಾಲಿನ ಹೆಂಗಸೊಬ್ಬಳು ಎದ್ದು, "ಅಕ್ಕಾ, ನಮಗಿನ್ನೂ ಅಷ್ಟು ಬರಲ್ಲ. ಒಂದ್ಸಲ ಸುಮ್ನೆ ಮುಂದಕ್ಕೆ ಓಡ್ಸಿ ತೋರ್ಸಿ" ಎಂದಳು.

ಅದೇನು ಮಹಾ ಎಂದು ಡ್ರೋನಿನ ಬೆನ್ನನ್ನು ನಮ್ಮ ಕಡೆಗೆ ತಿರುಗಿಸಿ, ದೂರ ಕಳಿಸಬೇಕೆಂದುಕೊಂಡೆ. ಅಭ್ಯಾಸವಾದ ಕೈ, ಹಿಂದಕ್ಕೆ ಎಳೆಯಿತು. ಡ್ರೋನು ಔಷಧಿ ಚಿಮುಕಿಸುತ್ತ ಸೀದಾ ನಮ್ಮ ಮೇಲೆಯೇ ಬಂತು. ಹೆಂಗಸರು "ಅಯ್ಯಯ್ಯೋ" ಎಂದು ಪಕ್ಕದ ರಾಗಿ ಹೊಲದಲ್ಲಿ ಬಿದ್ದರು, ಆಫೀಸರು ಜೀಪಿನಡಿ ನುಗ್ಗಿದರು. ಕೈಬಿಟ್ಟ ತಕ್ಷಣ ಅದು ಪುಣ್ಯಕ್ಕೆ ತಾನೇ ನಿಂತುಕೊಂಡಿತು. ಆಫೀಸರು ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತ ಎದ್ದು, "ನೋಡಿದ್ರಾ? ಡ್ರೋನ್ ಮೈಮೇಲೆ ಬಂದ್ರೆ ಹೇಗೆ ತಪ್ಪಿಸ್ಕೋಬೇಕು ಅನ್ನೋದನ್ನೂ ಕಲಿಸಿಕೊಟ್ರು. ಅನುಭವ ಅಂದ್ರೆ ಇದು!" ಎಂದರು. ಮತ್ತೆ ಚಪ್ಪಾಳೆಯಾಯಿತು. ನಾನು ಅದನ್ನು ಸ್ವೀಕರಿಸಲು ಸ್ವಲ್ಪ ತಡವಾಯಿತು, ಏಕೆಂದರೆ ಎಲ್ಲರಿಗಿಂತ ಮೊದಲು ಮಲಗಿದವಳು ನಾನೇ, ಇನ್ನೂ ಎದ್ದಿರಲಿಲ್ಲ.