ಮಡಿಗೆ ಬಾರದ ಹಿತ್ತಾಳೆ ಸ್ಟವ್ವಿನ ಸನ್ನಿಧಾನಕ್ಕೆ

ಮಳವಳ್ಳಿ,
ಈಶ್ವರ ಸಂವತ್ಸರದ ಕಾರ್ತಿಕ ಮಾಸ, ಸೋಮವಾರ

ಮಾನ್ಯ ಸ್ಟವ್ವು ಮಹಾಶಯರೇ,

ಮೂರೇ ಕಾಲಿನ ಮೇಲೆ ನಿಂತು ಊರಿಗೆಲ್ಲ ಬೇಯಿಸಿಹಾಕಬಲ್ಲವರೂ, ಹೊಟ್ಟೆಯಲ್ಲಿ ಸೀಮೆಎಣ್ಣೆಯನ್ನೂ ತಲೆಯ ಮೇಲೆ ಬೆಂಕಿಯನ್ನೂ ಧರಿಸಿದವರೂ, ಬೆಂಗಳೂರಿನಿಂದ ಮದ್ದೂರಿನವರೆಗೆ ರೈಲಿನಲ್ಲಿಯೂ ಅಲ್ಲಿಂದ ಇಲ್ಲಿಯವರೆಗೆ ಬಸ್ಸಿನಲ್ಲಿಯೂ ನನ್ನ ತೊಡೆಯ ಮೇಲೆಯೇ ಕುಳಿತು ದಯಮಾಡಿಸಿದವರೂ ಆದ ತಮ್ಮ ಮೂರೂ ಪಾದಗಳಿಗೆ, ತಾಲ್ಲೂಕು ಕಚೇರಿಯ ರಿಕಾರ್ಡು ಗುಮಾಸ್ತ ಕಸ್ತೂರಿರಂಗನು ಮಾಡುವ ಅನೇಕ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ತಾವೂ ನನ್ನ ಹೆಂಡತಿಯೂ ಮಾತ್ರ ಕೆಮ್ಮುತ್ತಿದ್ದೀರಿ. ಅದೇ ಈ ಅರಿಕೆಯ ವಿಷಯ.

ನನ್ನ ಹೆಂಡತಿ ಆಂಡಾಳ್ ನಮ್ಮ ಮನೆಯ ಒಲೆಯ ಮುಂದೆ ಕುಳಿತು ಇದೀಗ ಹನ್ನೊಂದು ವರ್ಷ. ಈ ಸಲದ ಮಳೆಗೆ ಕಟ್ಟಿಗೆಯೆಲ್ಲ ನೆನೆದು, ಒಂದು ಪಾತ್ರೆ ನೀರು ಕಾಯುವುದರೊಳಗೆ ಊದುಗೊಳವೆ ಊದಿ ಊದಿ ಅವಳ ಕಣ್ಣು ಕೆಂಡವಾಗುತ್ತಿತ್ತು. ನವರಾತ್ರಿಯಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಅವಳನ್ನು ಹೊರಗೆ ಕಳಿಸಿ, "ಹೊಗೆಯಿಂದ ದೂರ ಇಡಿ, ಇಂಥ ಇನ್ನೊಂದು ಮಳೆಗಾಲವನ್ನು ಈ ಎದೆ ತಡೆಯೋದಿಲ್ಲ" ಎಂದು ನನ್ನೊಬ್ಬನಿಗೇ ಹೇಳಿದರು. ನನಗೆ ಹೆದರಿಕೆಯಾಯಿತು. ಮಾರನೆಯ ಭಾನುವಾರವೇ ಬೆಂಗಳೂರಿಗೆ ಹೋಗಿ ತಮ್ಮನ್ನು ಕರೆದುಕೊಂಡು ಬಂದೆ.

ಆಗಮನದ ದಿನ ತಾವು ತೋರಿದ ಪ್ರತಾಪವನ್ನು ನಾನು ಮರೆತಿಲ್ಲ. ಪಂಪು ಹೊಡೆದ ಕೂಡಲೇ ತಾವು ಬುಸ್ಸೆಂದ ರಭಸಕ್ಕೆ, ಹಾಲು ತಂದಿದ್ದ ದೇವಿರಮ್ಮ ತಂಬಿಗೆಯನ್ನು ಬಾಗಿಲಲ್ಲೇ ಬಿಟ್ಟು ಬೀದಿಗೆ ಓಡಿ, "ಅಮ್ಮಾವ್ರೇ, ಇತ್ಲಲ್ಲಿ ಆವು ಬುಸ್ಗುಡ್ತಾ ಅದೆ, ದೊಡ್ಡದೇ ಇರ್ಬೇಕು ಕಣ್ರವ್ವಾ" ಎಂದು ಕೂಗಿ ಎದುರು ಮನೆಯವರನ್ನು ದೊಣ್ಣೆಸಹಿತ ಕರೆತಂದಳು. ಕಾಫಿ ಎಷ್ಟು ಬೇಗ ಬಂದಿತೆಂದರೆ ನಾನಿನ್ನೂ ಹಲ್ಲುಜ್ಜಿರಲಿಲ್ಲ. ಆಂಡಾಳ್ ತಮ್ಮ ನೀಲಿ ಉರಿಯನ್ನು ಸ್ವಲ್ಪ ಹೊತ್ತು ನೋಡಿ, "ಹೊಗೇನೇ ಇಲ್ಲವಲ್ಲ" ಎಂದಳು. ಆ ಎರಡು ದಿನ ಅವಳು ಕೆಮ್ಮಿದ್ದು ಕಡಿಮೆ.

ನನ್ನ ತಾಯಿ ಪಂಕಜಮ್ಮನವರು ತಮ್ಮನ್ನು ಅಡಿಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ ಎಂಬುದು ತಮ್ಮ ಮನಸ್ಸಿಗೆ ನಾಟಿರಬಹುದು. ಅವರ ಮಡಿ ಸಾಮಾನ್ಯದ್ದಲ್ಲ. ಒಣಹಾಕಿದ ಮಡಿಸೀರೆಯ ಮೇಲೆ ಕಾಗೆಯ ನೆರಳು ಬಿದ್ದರೂ ಮತ್ತೆ ಹಿಂಡಿ ಹಾಕುವವರು ಅವರು. ಸೀಮೆಎಣ್ಣೆ ಕುಡಿಯುವವರನ್ನು ದೇವರ ನೈವೇದ್ಯದ ಹತ್ತಿರ ಬಿಟ್ಟಾರೆಯೇ? ಹಿತ್ತಿಲ ಜಗುಲಿಯಲ್ಲಿ ಒರಳುಕಲ್ಲಿನ ಪಕ್ಕ ತಮಗೆ ಜಾಗ ಕೊಟ್ಟೆವು. ಅದು ತಮ್ಮ ಅಂತಸ್ತಿಗೆ ಕಡಿಮೆಯೇ, ಒಪ್ಪುತ್ತೇನೆ. ಆದರೆ ಮೂರನೆಯ ದಿನವೇ ಮುನಿಸಿಕೊಳ್ಳುವಷ್ಟು ಕಡಿಮೆಯಲ್ಲ.

ಮೂರನೆಯ ದಿನ ತಾವು ಟಪಟಪನೆ ಉಗುಳಿದಿರಿ. ನಾಲ್ಕನೆಯ ದಿನ ಕೆಮ್ಮಿ, ಒಮ್ಮೆ ಕೆಂಪಗೆ ಉರಿದು, ಆರಿದಿರಿ. ಪಿನ್ನು ಚುಚ್ಚಿದೆ, ಸ್ಪಿರಿಟು ಸುರಿದೆ, ರಟ್ಟೆ ಬೀಳುವಂತೆ ಪಂಪು ಹೊಡೆದೆ. ನಮ್ಮ ಕಚೇರಿಯಲ್ಲಿ ಸ್ವಲ್ಪ ಗಾಳಿ ಹಾಕಿದರೆ ಸಾಕು, ಧಗಧಗನೆ ಉರಿಯುವ ದೊಡ್ಡವರು ಬೇಕಾದಷ್ಟು ಜನರಿದ್ದಾರೆ. ನೂರು ಸಲ ಗಾಳಿ ಹಾಕಿದರೂ ಉರಿಯದೆ ಶಾಂತವಾಗಿರುವ ತಮ್ಮ ಸಂಯಮವನ್ನು ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕಂಡಿರಲಿಲ್ಲ. ಆಂಡಾಳ್ ಸೆರಗು ಸಿಕ್ಕಿಸಿ, ಮತ್ತೆ ಆ ಹಸಿ ಕಟ್ಟಿಗೆಯ ಮುಂದೆ ಕುಳಿತಳು. ಕೆಮ್ಮು ಮೊದಲಿಗಿಂತ ಜೋರಾಯಿತು.

ಆದಕಾರಣ ತಮ್ಮಲ್ಲಿ ವಿಜ್ಞಾಪನೆ ಏನೆಂದರೆ, ತಾವು ಕೋಪವನ್ನು ಬಿಟ್ಟು ಉರಿಯುವ ಕೃಪೆ ಮಾಡಬೇಕು. ಅಡಿಗೆಮನೆಯೊಳಗೇ ಸ್ಥಾನ ಬೇಕೆಂಬ ಹಟವಿದ್ದರೆ ಸೀಮೆಎಣ್ಣೆಯ ಚಟ ಬಿಟ್ಟು ತುಪ್ಪಕ್ಕೆ ಒಗ್ಗಿಕೊಳ್ಳಿ, ಮತ್ತು ನಮ್ಮ ಗುರುಗಳು ಊರಿಗೆ ಬಂದಾಗ ಭುಜಗಳ ಮೇಲೆ ಶಂಖ ಚಕ್ರಗಳ ಕಾದ ಮುದ್ರೆ ಒತ್ತಿಸಿಕೊಂಡು ನಮ್ಮವರೇ ಆಗಿಬಿಡಿ. ಕಾಯುವುದು ತಮಗೆ ಹೊಸದಲ್ಲ. ಭುಜ ಯಾವುದೆಂದು ತೋರಿಸಿಕೊಟ್ಟರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಮೇಲಿನದನ್ನು ಬರೆದದ್ದು ಹೋದ ಸೋಮವಾರ. ಇಂದು ಮತ್ತೆ ಸೋಮವಾರ. ಈ ನಡುವೆ ನಡೆದದ್ದನ್ನು ನೋಡಿದರೆ ಆ ಕಾಗದವನ್ನು ಹರಿದುಹಾಕಬೇಕಾಗಿತ್ತು. ಆದರೆ ಬರೆದ ಕಾಗದವನ್ನು ಹರಿಯುವ ಪದ್ಧತಿ ರಿಕಾರ್ಡು ಗುಮಾಸ್ತರಲ್ಲಿ ಇಲ್ಲ.

ಬುಧವಾರ ರಜೆ ಹಾಕಿ, ತಮ್ಮನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು, ಮದುವೆ ಮೆರವಣಿಗೆಯ ಗ್ಯಾಸ್‌ಲೈಟುಗಳನ್ನು ರಿಪೇರಿ ಮಾಡುವ ಮದ್ದೂರಿನ ಶಿವಯ್ಯನ ಹತ್ತಿರ ಹೋದದ್ದು ತಮಗೆ ತಿಳಿದೇ ಇದೆ. ಅವನು ತಮ್ಮ ಹೊಟ್ಟೆಯ ಬಿರಡೆ ತಿರುಗಿಸಿ, ತಲೆಕೆಳಗು ಮಾಡಿದ. ಎಣ್ಣೆಯ ಜೊತೆಗೆ ಒಂದು ಲೋಟದಷ್ಟು ತಿಳಿನೀರು ಬಿತ್ತು. "ಸ್ವಾಮಿ, ಇದ್ಕೆ ಸೀಮೆಣ್ಣೆ ಆಕ್ಬೇಕು ಕಣ್ರೀ, ತೀರ್ಥ ತುಂಬ್ಸಿದ್ದೀರಲ್ಲ" ಎಂದ. ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ನಕ್ಕರು. "ಒಲೆಗೇನೂ ಆಗಿಲ್ಲ ಬುಡಿ, ಮನೇಲಿ ಯಾರು ನೀರು ಉಯ್ತಾರೆ ಅಂತ ನೋಡ್ಕಳಿ" ಎಂದೂ ಹೇಳಿದ.

ಮನೆಗೆ ಬಂದು ಕೇಳಿದರೆ ನನ್ನ ತಾಯಿ ಮುಚ್ಚುಮರೆಯೇ ಮಾಡಲಿಲ್ಲ. "ನಾನೇ ಕಣೋ. ಒಳಗೆ ತೊಳೀದ ಪಾತ್ರೇಲಿ ಯಾರಾದರೂ ಅಡಿಗೆ ಮಾಡ್ತಾರೇನು? ದಿನಾ ಮಧ್ಯಾಹ್ನ ಅವಳು ಮಲಗಿದಾಗ ಎಣ್ಣೆ ಬಸಿದು, ಹುಣಸೆಹಣ್ಣು ಹಾಕಿ ತಿಕ್ಕಿ, ಒಳಗೂ ಮೂರು ಸಲ ಗಲಬರಿಸಿ, ಬೋರಲು ಹಾಕಿ, ಎಣ್ಣೆ ತುಂಬಿಡ್ತಿದ್ದೆ" ಎಂದರು. ಯಾಕಮ್ಮ ಎಂದೆ. "ಹತ್ತು ದಿನ ತೊಳೆದರೆ ಶುದ್ಧವಾಗುತ್ತೆ, ಆಮೇಲೆ ಒಳಗೇ ತಂದಿಟ್ಟುಕೊಳ್ಳೋಣ ಅಂತ. ಆ ಹುಡುಗಿ ಕೆಮ್ಮೋದು ನಿನಗೆ ಕಚೇರೀಲಿ ಕೇಳಿಸೋಲ್ಲ, ನನಗೆ ಇಡೀ ದಿನ ಕೇಳಿಸುತ್ತೆ" ಎಂದರು. ತಮ್ಮ ಮೇಲೆ ಇಷ್ಟುದ್ದ ಅರ್ಜಿ ಬರೆದದ್ದು ನೆನಪಾಗಿ, ತಮ್ಮನ್ನು ಪಂಚೆಯಿಂದ ಬಿಚ್ಚಿ ಮತ್ತೆ ಒರಳುಕಲ್ಲಿನ ಪಕ್ಕ ಕೂರಿಸಿದೆ.

ನೀರು ಬಿದ್ದರೆ ತಾವು ಉರಿಯುವುದಿಲ್ಲವೆಂದು ತಿಳಿದ ಮೇಲೆ ಅವರು ಅಲ್ಲೇ ತೀರ್ಪು ಕೊಟ್ಟರು. ಒಳಗೆ ತೊಳೆಯಲಾಗದ್ದು ಮಡಿಗೆ ಬಾರದು. ಸ್ಟವ್ವು ಜಗುಲಿಯಲ್ಲೇ ಇರಲಿ, ಸೊಸೆ ಮನೆಮಂದಿಯ ಅಡಿಗೆಯನ್ನು ಅದರ ಮೇಲೆ ಮಾಡಲಿ, ಹೊಗೆಯ ಹತ್ತಿರ ಅವಳು ಸುಳಿಯಬಾರದು. ದೇವರ ನೈವೇದ್ಯಕ್ಕೂ ಅಮ್ಮನ ಒಪ್ಪೊತ್ತಿನ ಊಟಕ್ಕೂ ಅಮ್ಮನೇ ಕಟ್ಟಿಗೆಯ ಒಲೆಯಲ್ಲಿ ಬೇಯಿಸಿಕೊಳ್ಳುತ್ತಾರೆ. ಆದರೆ ಅರವತ್ತೆಂಟರಲ್ಲಿ ಊದಲು ಉಸಿರು ಸಾಲದು. ಮಡಿಯಲ್ಲಿರುವವರು ಯಾರಾದರೂ ಊದಿಕೊಡಬೇಕು. ಇಷ್ಟು ಹೇಳಿ ನನ್ನ ಕಡೆ ನೋಡಿದರು. "ಬೆಳಿಗ್ಗೆ ಮಡಿಯುಟ್ಟು ಮೂಗು ಹಿಡಿದುಕೊಂಡು ಪ್ರಾಣಾಯಾಮ ಮಾಡ್ತೀಯಲ್ಲ, ಅದು ಮುಗಿದ ಮೇಲೆ ಆ ಉಸಿರನ್ನೇ ಇಲ್ಲಿ ಊದು."

ಗುರುವಾರದಿಂದ ಊದುತ್ತಿದ್ದೇನೆ. ಮೊದಲನೆಯ ದಿನ ಹೊಗೆಯೆಲ್ಲ ನನ್ನ ಗಂಟಲಿಗೇ ಬಂತು. ಹೊರಗೆ ಜಗುಲಿಯಲ್ಲಿ ತಮ್ಮ ಬುಸುಗುಟ್ಟುವ ಸದ್ದಿನ ನಡುವೆ ಆಂಡಾಳ್ ಆರಾಮವಾಗಿ ಕಾಫಿ ಸೋಸುತ್ತ, "ಒಲೆ ಹತ್ತಿತೇ?" ಎಂದು ಕೇಳಿದಳು. ಕೆಮ್ಮಿನಿಂದ ಉತ್ತರ ಕೊಡಲಾಗಲಿಲ್ಲ. ಹನ್ನೊಂದು ವರ್ಷ ನಾನು ಹಜಾರದಲ್ಲಿ ಕುಳಿತು "ಕಾಫಿ ಆಯಿತೇ?" ಎಂದು ಕೂಗಿದ್ದು ಈ ಹೊಗೆಯೊಳಗೆ ಕುಳಿತವಳಿಗೆ, ಒಂದು ಗಳಿಗೆ ತಡವಾದರೆ ಎರಡನೆಯ ಸಲವೂ ಕೂಗುತ್ತಿದ್ದೆ. ನೆನೆಸಿಕೊಂಡು ನಾಚಿಕೆಯಾಯಿತು. ಅವಳ ಕೆಮ್ಮು ಇಳಿಯುತ್ತಿದೆ. ನಿನ್ನೆ ಹೂ ಕಟ್ಟುತ್ತ ಏನೋ ಹಾಡಿಕೊಳ್ಳುತ್ತಿದ್ದಳು.

ಆದ್ದರಿಂದ ತಮ್ಮ ಮೇಲಿನ ದೂರುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿರಪರಾಧಿಯನ್ನು ಉಗುಳುವವನೆಂದು ಬರೆದದ್ದಕ್ಕೆ ಕ್ಷಮೆ ಬೇಡುತ್ತೇನೆ. ತಮ್ಮಿಂದ ಇನ್ನು ಬೇಕಾದದ್ದು ಒಂದೇ ಉಪಕಾರ: ಒಳಗಿರುವ ತಮ್ಮ ಅಣ್ಣ ಮಣ್ಣಿನ ಒಲೆಗೆ, ಊದುಗೊಳವೆಯಿಲ್ಲದೆ ಉರಿಯುವ ವಿದ್ಯೆಯನ್ನು ಜಗುಲಿಯಿಂದಲೇ ಕೂಗಿ ಹೇಳಿಕೊಡಿ. ಮುಟ್ಟದಿದ್ದರೆ ಮಡಿಗೆ ದೋಷವಿಲ್ಲ.

ತಮಗಿಂತ ಹೆಚ್ಚು ಗಾಳಿ ಖರ್ಚು ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಕಸ್ತೂರಿರಂಗ

ತಾಜಾ ಕಲಂ: ಈ ಕಾಗದದಲ್ಲಿ ಮೂರು ಕಡೆ ಶಾಯಿ ಕದಡಿದೆ. ಕಣ್ಣೀರೆಂದು ತಿಳಿಯಬೇಡಿ, ಬರೀ ಹೊಗೆ. ಆಂಡಾಳೂ ಹನ್ನೊಂದು ವರ್ಷ ಇದನ್ನೇ ಹೇಳುತ್ತಿದ್ದಳು, ನಾನು ನಂಬಿಕೊಂಡಿದ್ದೆ.