ಕಾಕಾ ಎಳೆದ ಗೆರೆ

ನಮ್ಮ ಕಾಕಾ ಟೆನಿಸ್ ಆಡುತ್ತಿದ್ದರೆಂದು ದಾಂಡೇಲಿಯಲ್ಲಿ ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಕಾಕಾ ಆಡುತ್ತಿದ್ದುದು ಜಗಳ. ನಡುನಡುವೆ ಒಂದು ಚೆಂಡು ಅತ್ತಿಂದಿತ್ತ ಓಡಾಡುತ್ತಿತ್ತು, ಅಷ್ಟೆ. ಚೆಂಡು ಎಲ್ಲಿ ಬಿತ್ತೆಂದು ಕಣ್ಣಿನಿಂದ ನೋಡುವವರು ನಾವು ನೀವು. ಕಾಕಾ ಅದನ್ನು ಗಂಟಲಿನಿಂದ ನೋಡುತ್ತಿದ್ದರು. ಅವರು "ಔಟ್" ಎಂದರೆ ಬಂಗೂರನಗರ ಕಾಲನಿಯ ಕ್ಲಬ್ಬಿನ ಕಾಂಪೌಂಡಿನಾಚೆ ಸೈಕಲ್ ತುಳಿಯುತ್ತಿದ್ದವರೂ ಒಮ್ಮೆ ಬ್ರೇಕು ಹಾಕುತ್ತಿದ್ದರು!

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಕಾಕಾ ಆಗಲೇ ಕಾಗದದ ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿದ್ದರು. ನೌಕರಿ ಬಿಟ್ಟಿತ್ತು, ಟೆನಿಸ್ ಬಿಟ್ಟಿರಲಿಲ್ಲ. ಸಂಜೆಯಾಯಿತೆಂದರೆ ಬಿಳಿ ಪ್ಯಾಂಟು, ಬಿಳಿ ಅಂಗಿ, ಚಳಿಗಾಲವಾದರೆ ತಲೆಗೊಂದು ಕಂದು ಮಂಕಿಟೋಪಿ. ಮಂಕಿಟೋಪಿ ತೊಟ್ಟು ಸರ್ವಿಸ್ ಮಾಡುವ ಆಟಗಾರನನ್ನು ನೀವು ಟೀವಿಯಲ್ಲಿ ನೋಡಿರಲಿಕ್ಕಿಲ್ಲ. ಅದು ಟೀವಿಯವರ ದುರ್ದೈವ.

ಆ ಹೊತ್ತಿಗೆ ಕ್ಲಬ್ಬಿನಲ್ಲಿ ದೊಡ್ಡದೊಂದು ಗುಳೆ ಶುರುವಾಗಿತ್ತು. ಐವತ್ತು ದಾಟಿದ ಟೆನಿಸ್ ಆಟಗಾರರೆಲ್ಲ ಒಬ್ಬೊಬ್ಬರಾಗಿ ಪಕ್ಕದ ಪುಟ್ಟ ಅಂಗಳಕ್ಕೆ, ರಿಂಗ್ ಆಟಕ್ಕೆ ಹೊರಟುಹೋದರು. ರಿಂಗ್ ಗೊತ್ತಲ್ಲ? ರಬ್ಬರಿನ ಬಳೆಯೊಂದನ್ನು ನೆಟ್ಟಿನ ಮೇಲಿಂದ ಎಸೆಯುವುದು, ಆಚೆಯವರು ಒಂದೇ ಕೈಯಲ್ಲಿ ಹಿಡಿದು ಮರಳಿ ಎಸೆಯುವುದು. ಓಡುವುದು ಕಡಿಮೆ, ನಗುವುದು ಹೆಚ್ಚು. ಹೋದವರಲ್ಲಿ ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಸೊಂಟ. ಮತ್ತೊಬ್ಬರಿಗೆ ಯಾವ ನೋವೂ ಇರಲಿಲ್ಲ, ಮನೆಯವರ ಅಪ್ಪಣೆಯಾಗಿತ್ತು.

ಕಾಕಾನ ಮೊಣಕಾಲೂ ಸವೆದಿತ್ತು. ನಾನೇ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಒಯ್ದಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಟೆನಿಸ್ ಇನ್ನ ಸಾಕ್ರಿ. ಆಡಲೇಬೇಕಂದ್ರ ರಿಂಗ್ ಆಡ್ರಿ. ಸಣ್ಣ ಜಾಗಾ, ಆರಾಮ ಐತಿ" ಎಂದರು.

"ಡಾಕ್ಟ್ರ, ನಿಮಗ ನಾಳೆ ಕಣ್ಣು ಮಂಜಾದ್ರ ಮಂದೀನ್ನ ನೋಡೂದು ಬಿಟ್ಟು ಎಮ್ಮಿ ನೋಡಾಕ ಹೋಗ್ತೀರೇನ್ರಿ, ದೊಡ್ಡೂ ಕಾಣ್ತಾವಂತ?"

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮನೆಯಲ್ಲೂ ಇದೇ ಯುದ್ಧ. ಯಾಕೆಂದರೆ ರಿಂಗ್ ಆಟದಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಇಡೀ ಕಾಲನಿಗೇ ಎತ್ತಿದ ಕೈ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ನಿಂತರೆಂದರೆ ಎದುರಿನವರು ಮೊದಲೇ ಅರ್ಧ ಸೋತಿರುತ್ತಿದ್ದರು.

"ನಿಮ್ಮ ಟೆನಿಸ್‌ನಾಗ ಆಡೂದು ಕಾಲು ಭಾಗ, ಚೆಂಡು ಹುಡುಕೂದು ಮುಕ್ಕಾಲು ಭಾಗ" ಎಂದು ಕಾಕು ರೊಟ್ಟಿ ಬಡಿಯುತ್ತಲೇ ಹಂಗಿಸುತ್ತಿದ್ದರು.

"ನಿಮ್ಮದೂ ಒಂದು ಆಟ ಅಂತೀಯೇನು? ಕುಕ್ಕರಿನ ರಬ್ಬರ್ ಒಗದಾಡಿದಂಗ ಐತಿ."

"ಹಂಗಾರ ಒಮ್ಮೆ ಬಂದು ಹಿಡದು ತೋರಸ್ರಿ."

ಕಾಕಾ ಪೇಪರಿನ ಹಿಂದೆ ಮರೆಯಾದರು. ಅಂದಿನ ಪೇಪರನ್ನು ಅವರು ಬೆಳಿಗ್ಗೆಯೇ ಓದಿ ಮುಗಿಸಿದ್ದರೆಂಬುದು ಬೇರೆ ಮಾತು.

ಆದರೆ ಕಾಕು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕಾಂಪೌಂಡಿನಾಚೆಯ ಹುಣಸೆಮರದಲ್ಲಿ ಕಪ್ಪು ಮೋರೆಯ ಮುಸ್ಯಾ ಕೋತಿಗಳ ಸಂಸಾರವೊಂದಿತ್ತು. ಒಮ್ಮೆ ಅದರ ಯಜಮಾನ ನಮ್ಮ ಚೆಂಡನ್ನು ಎತ್ತಿಕೊಂಡು ಮರ ಹತ್ತಿ ಕೂತಿತು. ಕಾಕಾ ಬಾಳೆಹಣ್ಣು ತರಿಸಿ ವ್ಯವಹಾರಕ್ಕಿಳಿದರು. ಅದು ಗಂಭೀರವಾಗಿ ಕೆಳಗಿಳಿದು ಬಂದು ಹಣ್ಣನ್ನೂ ತೆಗೆದುಕೊಂಡಿತು, ಚೆಂಡನ್ನೂ ವಾಪಸು ಒಯ್ದಿತು! ಹಣ್ಣು ತಿಂದಾದ ಮೇಲೆ ಬೇಸರ ಬಂತೋ ಏನೋ, ಚೆಂಡನ್ನು ಮರದಿಂದ ಬೀಸಿ ಎಸೆಯಿತು. ಅದು ಬಂದು ಅಂಗಳದ ನಟ್ಟನಡುವೆ ಬಿತ್ತು. ಕಾಕಾ ಅಭ್ಯಾಸಬಲದಿಂದ "ಔಟ್" ಎಂದರು.

ಹೀಗೆ ಎಲ್ಲರೂ ಹೋಗಿ ಕೊನೆಗೆ ಟೆನಿಸ್ಸಿಗೆ ಉಳಿದವರು ನಾಲ್ಕೇ ಜನ. ಆಚೆ ಕಡೆ ಊರಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನಾನು ಮತ್ತು ಹೊಸದಾಗಿ ಮೈಸೂರಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಹುಡುಗ. ಈಚೆ ಕಡೆ ಕಾಕಾ ಮತ್ತು ಅವರ ಬಹುಕಾಲದ ಜೋಡಿ ಮಾಸ್ತರರು.

ಮಾಸ್ತರರು ಹಳಿಯಾಳದ ಕಡೆಯವರು, ಶಾಲೆಯಿಂದ ನಿವೃತ್ತರಾದವರು. ಕಾಕಾ ಆಡಿದ ಹೆಚ್ಚಿನ ಮಾತನ್ನೆಲ್ಲ ಅವರು ಮಾತಾಡದೆಯೇ ಸರಿದೂಗಿಸುತ್ತಿದ್ದರು. ಸಂಧಿವಾತದಿಂದ ಅವರ ಬೆರಳುಗಳು ಸೆಟೆದಿದ್ದವು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಹಳೆಯ ಟವೆಲಿನ ಪಟ್ಟಿ ಸುತ್ತಿ ದಪ್ಪ ಮಾಡಿದ್ದ ಬ್ಯಾಟಿನ ಹಿಡಿ ಮಾತ್ರ ಹೇಗೋ ಅಂಗೈಯಲ್ಲಿ ಕೂರುತ್ತಿತ್ತು. ಒಂದು ದಿನ ಯಾರೋ ಒತ್ತಾಯ ಮಾಡಿ ಅವರನ್ನು ರಿಂಗಿಗೆ ಕರೆದೊಯ್ದರು. ಬಳೆ ಬಂತು. ಬೆರಳು ಮಡಚುವಷ್ಟರಲ್ಲಿ ಎದೆಗೆ ಬಡಿದು ಕೆಳಗೆ ಬಿತ್ತು. ಇನ್ನೊಮ್ಮೆಯೂ ಹಾಗೇ ಆಯಿತು. ಸುತ್ತಲಿದ್ದವರು ನಕ್ಕರು, ಮಾಸ್ತರರೂ ನಕ್ಕರು. ಆಮೇಲೆ ಹೋಗಿ ಬೆಂಚಿನ ಮೇಲೆ ಕೂತರು.

ಕಾಕಾ ಬಂದವರೇ, "ಏ ಮಾಸ್ತರ, ಈ ವಯಸ್ಸಿನಾಗ ಬಳಿ ಹಾಕ್ಕೊಳ್ಳಾಕ ಹೋಗಿದ್ದೇನು? ಏಳು, ಸರ್ವಿಸ್ ನಿಂದು" ಎಂದು ಎಬ್ಬಿಸಿಕೊಂಡು ಹೋದರು.

ಇನ್ನು ನಮ್ಮ ಟೆನಿಸ್ ಅಂಗಳದ ಕತೆ ಹೇಳಬೇಕು. ಯಾವ ಜಾಣ ಹಾಕಿಸಿದ್ದನೋ, ಅದು ಪೂರ್ವ ಪಶ್ಚಿಮವಾಗಿತ್ತು. ಪೂರ್ವದ ತುದಿಗೆ ನಿಂತವರಿಗೆ ಸಂಜೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಕಾಕಾ ಯಾವಾಗಲೂ ಆ ತುದಿಯನ್ನೇ ಕೇಳಿ ಪಡೆಯುತ್ತಿದ್ದರು. ಆಟದ ನಿಯಮದಂತೆ ನಡುವೆ ತುದಿ ಬದಲಿಸೋಣವೆಂದರೆ, "ಇರಲಿ ಬಿಡ್ರಿ, ನೀವು ಸಣ್ಣವರು, ಕಣ್ಣು ಕಾಯ್ಕೋರಿ" ಎನ್ನುತ್ತಿದ್ದರು. ಮಾಸ್ತರರಿಗೆಂದು ತಾವೇ ಒಂದು ಬಿಸಿಲುಟೋಪಿ ಕೊಡಿಸಿದ್ದರು. ಬಿಟ್ಟಿ ಸಿಕ್ಕ ನೆರಳನ್ನು ಯಾರು ಬೇಡವೆನ್ನುತ್ತಾರೆ? ನಾವೂ ಸುಮ್ಮನಿದ್ದೆವು.

ಗೆರೆ ಎಳೆಯುವ ಕೆಲಸವೂ ಕಾಕಾನದೇ. ರವಿವಾರ ಬೆಳಿಗ್ಗೆ ಹಳೆಯ ಗೆರೆಗಳನ್ನು ಗುಡಿಸಿ, ಗೂಟ ನೆಟ್ಟು, ಹಗ್ಗ ಬಿಗಿದು, ತೂತು ಹೊಡೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ಹೋಗುತ್ತಿದ್ದರು. ಕ್ಲಬ್ಬಿನ ಮಾಲಿಯನ್ನು ಆ ಡಬ್ಬಿಯ ಹತ್ತಿರವೂ ಬಿಡುತ್ತಿರಲಿಲ್ಲ.

ಎಂಜಿನಿಯರ್ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವನೊಮ್ಮೆ ಮೂಲೆಗೆ ಚಂದದ ಹೊಡೆತ ಹೊಡೆದ. ಕಾಕಾ "ಔಟ್" ಎಂದರು.

"ಅಂಕಲ್, ಅದು ಒಳಗೇ ಬಿತ್ತು."

"ಗೆರಿ ಯಾರು ಹಾಕ್ಯಾರ?"

"ನೀವೇ."

"ಮತ್ತ ಯಾರಿಗೆ ಗೊತ್ತಿರತೈತಿ?"

ಹುಡುಗ ಬ್ಯಾಟು ಕಂಕುಳಲ್ಲಿಟ್ಟುಕೊಂಡು ಸೀದಾ ಕ್ಲಬ್ಬಿನ ಸೆಕ್ರೆಟರಿಯ ಹತ್ತಿರ ಹೋದ. ಮುದುಕರ ಕಡೆಯ ಅಂಗಳ ನಮ್ಮ ಕಡೆಯದಕ್ಕಿಂತ ಸಣ್ಣದಿದೆ, ನನಗೆ ಮೊದಲಿನಿಂದಲೂ ಅನುಮಾನ ಎಂದ. ಸೆಕ್ರೆಟರಿಗೆ ಅಷ್ಟೇ ಬೇಕಾಗಿತ್ತು.

"ರಿಂಗ್ ಆಡೋರು ಪಾಳಿ ಹಚ್ಚಿ ನಿಂತಿರ್ತಾರ" ಎಂದು ಅವರು ನನ್ನನ್ನು ಕರೆದು ಹೇಳಿದರು. "ನೀವು ನಾಕ ಮಂದಿ ಇಷ್ಟ ದೊಡ್ಡ ಜಾಗಾ ಹಿಡದು ಜಗಳಾ ಮಾಡ್ತೀರಿ. ನೀವು ಬ್ಯಾಂಕಿನವರು, ನೀವ ಅಳದು ಹೇಳ್ರಿ. ಗೆರಿ ಸುಳ್ಳ ಇದ್ರ ಟೆನಿಸ್ ಬಂದ್. ಅಲ್ಲಿ ರಿಂಗಿಗೆ ಎರಡು ಕೋರ್ಟ್ ಮಾಡೇಬಿಡ್ತೇವಿ."

ರವಿವಾರ ಬೆಳಿಗ್ಗೆ ಟೇಪು ಹಿಡಿದು ಹೋದೆ. ಕಾಕಾ ಆಗಲೇ ಡಬ್ಬಿಯೊಂದಿಗೆ ಹಾಜರಿದ್ದರು, ಇನ್ನೂ ಗುಡಿಸಿರಲಿಲ್ಲ. ವಿಷಯ ಹೇಳಿದೆ. ಇಡೀ ಬಂಗೂರನಗರ ಕೇಳುವಂತೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಅಳಿ" ಎಂದಷ್ಟೇ ಹೇಳಿ ಕಲ್ಲಿನ ರೋಲರಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳತೊಡಗಿದರು.

ಮೊದಲು ಬಲಗಡೆ ಅಳೆದೆ. ಕಾಕಾ ನಿಂತು ಆಡುವುದು ಅಲ್ಲಿ. ಸವೆದ ಮೊಣಕಾಲಿಗೆ ಒಂದಿಷ್ಟು ಜಾಗ ಕದ್ದಿರಬಹುದೆಂದು ನಾನು ಒಳಗೊಳಗೇ ನಗುತ್ತಿದ್ದೆ. ಗೆರೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಹಿಂದಿನ ಗೆರೆ ಅಳೆದೆ, ಅದೂ ಸರಿ. ಆಮೇಲೆ ಎಡಗಡೆಗೆ ಹೋದೆ. ನೆಟ್ಟಿನ ಹತ್ತಿರ ಸರಿಯಾಗಿಯೇ ಇದ್ದ ಗೆರೆ ಹಿಂದಕ್ಕೆ ಹೋದಂತೆಲ್ಲ ಓರೆಯಾಗಿ ಒಳಕ್ಕೆ ವಾಲುತ್ತ, ಮೂಲೆ ಮುಟ್ಟುವ ಹೊತ್ತಿಗೆ ಒಂದು ಮೊಳ ಒಳಗೆ ಬಂದಿತ್ತು.

ಎಡಗಡೆ ಆಡುವವರು ಮಾಸ್ತರರು.

ನಾನು ತಲೆಯೆತ್ತಿ ನೋಡಿದೆ. ಕಾಕಾ ನನ್ನ ಕಡೆ ನೋಡಲಿಲ್ಲ.

"ಅವನ ಕಾಲು ಆ ಮೂಲಿಗೆ ಮುಟ್ಟೂದಿಲ್ಲೋ ತಮ್ಮಾ" ಎಂದರು. "ಅಲ್ಲಿ ಬಿದ್ದ ಚೆಂಡಿಗೆಲ್ಲಾ ನನಗ ಸಾರಿ, ಸಾರಿ ಅಂತಿದ್ದ. ಇಷ್ಟು ವರ್ಷ ಜೋಡಿ ಆಡಿದಾಂವ, ನನಗ ಸಾರಿ ಅಂತಾನ."

ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ.

"ರಿಂಗ್ ಹಿಡ್ಯಾಕ ಬೆರಳು ಮಡಚೂದಿಲ್ಲ. ಇದೂ ಬಂದಾದ್ರ ಸಂಜೀ ಮುಂದ ಎಲ್ಲಿ ಹೋಗ್ತಾನ ಅಂವ?"

"ನಿಮ್ಮ ಮೊಣಕಾಲು, ಕಾಕಾ?"

"ನಂದೇನು, ನಾ ಒದರಿ ಆಡ್ತೇನಿ."

ಇಡೀ ಊರಿನ ಮುಂದೆ ಮೋಸಗಾರ ಅನ್ನಿಸಿಕೊಂಡು, ಡಾಕ್ಟರಿಗೆ ಎದುರು ಮಾತಾಡಿ, ಹೆಂಡತಿಯ ಚುಚ್ಚುಮಾತು ಕೇಳಿ, ತುದಿ ಬದಲಾದರೆ ಆ ಮೂಲೆ ನಮ್ಮ ಪಾಲಾದೀತೆಂದು ದಿನಾ ಬಿಸಿಲಿಗೆ ಕಣ್ಣು ಕೊಟ್ಟು ನಿಂತ ಈ ಮನುಷ್ಯನ ಮೇಲೆ ನನಗೆ ಎಂದೂ ಬಾರದಷ್ಟು ಪ್ರೀತಿ ಬಂತು. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಕ್ಲಬ್ಬಿನ ಕೋಣೆಗೆ ಹೋದೆ. ಸೆಕ್ರೆಟರಿ ಚಹಾ ಕುಡಿಯುತ್ತಿದ್ದರು. "ಅಳದೇನ್ರಿ. ಎಲ್ಲಾ ಬರೋಬ್ಬರಿ ಐತಿ" ಎಂದೆ. ಅವರು ಬ್ಯಾಂಕಿನವನ ಮಾತು ನಂಬಿದರು.

ಮರಳಿ ಬರುವಷ್ಟರಲ್ಲಿ ಕಾಕಾ ಹಳೆಯ ಗೆರೆಗಳನ್ನು ಗುಡಿಸಿಬಿಟ್ಟಿದ್ದರು.

"ಏನಂದಿ?"

"ಬರೋಬ್ಬರಿ ಐತಿ ಅಂದೆ."

ಕಾಕಾ ಹಗ್ಗದ ತುದಿಯನ್ನು ನನ್ನ ಕೈಗಿತ್ತು, ಎಡಗಡೆಯ ಮೂಲೆಗೆ ಹೋಗಿ ನಿಲ್ಲೆಂದು ಗದ್ದ ಎತ್ತಿ ತೋರಿಸಿದರು.

"ಇನ್ನೊಂದು ಗೇಣು ಒಳಗ ತಗೋ" ಎಂದರು. "ನಿನ್ನೆ ಅಂವ ಕಾಲು ಎಳದು ಎಳದು ಹಾಕಾಕತ್ತಿದ್ದ."

ನಾನು ಎರಡು ಗೇಣು ತಗೊಂಡೆ.